ಬಿತ್ತಿದ ನಾಣ್ಯ

ನಗಬೇಕಾದ ಹೊತ್ತಿನಲ್ಲಿ ಮೇಷ್ಟ್ರು ಅತ್ತುಬಿಟ್ಟರು. ಕೆಟ್ಟಿದ್ದೆಲ್ಲ ಅಲ್ಲಿಂದಲೇ.

ಮೇಷ್ಟ್ರು ಎಂದರೆ ಎವರಿಸ್ತೊ. ಪೇಟೆಯ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದವರು, ಈ ವರ್ಷಕ್ಕೆ ನಿವೃತ್ತಿ. ಪಿಯೆತ್ರಾವಾರಾ ಊರಿನ ಕೆಳಗಿನ ಗೋಧಿ ಹೊಲದಲ್ಲಿ ರೋಮನ್ನರ ಕಾಲದ ಒಂದು ಬಡ ಒಕ್ಕಲು ಮನೆಯನ್ನು ಅಗೆಯುತ್ತ ಹನ್ನೆರಡು ಬೇಸಿಗೆ ಬೆನ್ನು ಸುಟ್ಟುಕೊಂಡವರು. ಅರಮನೆಯಲ್ಲ, ಗುಡಿಯಲ್ಲ. ಮೂರು ಕೋಣೆ, ಒಂದು ಅಂಗಳ, ಆಲಿವ್ ಎಣ್ಣೆ ಹಿಂಡುವ ಕಲ್ಲು, ನೆಲದಲ್ಲಿ ಹೂತಿದ್ದ ಗುಡಾಣಗಳು. ಸಿಕ್ಕಿದ್ದೆಲ್ಲ ಹೆಂಚಿನ ಚೂರು, ಮಡಕೆ ಚೂರು, ಕುರಿ ಮೂಳೆ, ಮಗ್ಗಕ್ಕೆ ನೇತುಹಾಕುವ ಮಣ್ಣಿನ ಗುಂಡುಗಳು. ಕಾಫಿ ಅಂಗಡಿಯ ಮುಂದೆ ಕೂತ ಗಂಡಸರು ಅವರನ್ನು ಕಂಡಾಗಲೆಲ್ಲ, "ಏನ್ ಮೇಷ್ಟ್ರೇ, ಗುಡ್ಡ ಅಗೆದು ಇಲಿನಾದ್ರೂ ಹಿಡಿದ್ರಾ?" ಎನ್ನುತ್ತಿದ್ದರು. ಮೇಷ್ಟ್ರೇನು ಕಮ್ಮಿಯೇ? "ಇಲಿ ಮೂಳೆ ಬೇಕಾದಷ್ಟಿದೆ ಕಣ್ರಪ್ಪ, ಬನ್ನಿ, ಒಬ್ಬೊಬ್ರಿಗೆ ಒಂದೊಂದು ಬೊಗಸೆ ಕೊಡ್ತೀನಿ" ಎಂದು ನಕ್ಕು ಮುಂದೆ ಹೋಗುತ್ತಿದ್ದರು.

ಸಿಗದೆ ಇದ್ದದ್ದು ಒಂದೇ, ನಾಣ್ಯ. ಬೆಲೆಗಾಗಿ ಅವರಿಗೆ ಅದು ಬೇಕಿರಲಿಲ್ಲ. ನಾಣ್ಯದ ಮೇಲೆ ದೊರೆಯ ಮುಖವಿರುತ್ತದೆ, ದೊರೆ ಯಾರೆಂದು ತಿಳಿದರೆ ಕಾಲ ತಿಳಿಯುತ್ತದೆ. ಒರಟು ಅಡಿಗೆ ಮಡಕೆಯಿಂದ ಏನು ತಿಳಿದೀತು? ಮುತ್ತಜ್ಜಿ ಮಾಡಿದ ಹಾಗೆಯೇ ಮರಿಮಗಳೂ ಮಾಡಿರುತ್ತಾಳೆ. ದೊಡ್ಡ ದೊಡ್ಡ ವಿದ್ವಾಂಸರೆಲ್ಲ, ಸಾಹುಕಾರರು ಸುತ್ತಲಿನ ಭೂಮಿಯನ್ನೆಲ್ಲ ನುಂಗಿದ ಮೇಲೆ ಇಂಥ ಸಣ್ಣ ಒಕ್ಕಲುಗಳು ಮನೆ ಬಿಟ್ಟು ಹೋದವು, ಆಮೇಲೆ ಅಲ್ಲಿ ಕುರಿಗಳು ಮಲಗಿದವು, ಅಷ್ಟೇ ಎಂದು ಬರೆದಿದ್ದರು. ಎವರಿಸ್ತೊ ಒಬ್ಬರೇ ಒಪ್ಪಿರಲಿಲ್ಲ. "ಬಡವರು ಅಷ್ಟು ಸುಲಭಕ್ಕೆ ಹೊಸ್ತಿಲು ಬಿಡಲ್ಲ. ಇನ್ನೂ ಇನ್ನೂರು ವರ್ಷ ಇದ್ರು ಅವರು ಇಲ್ಲಿ" ಎಂದು ಸಭೆಗಳಲ್ಲಿ ಹೇಳಿ ನಗೆಪಾಟಲಾಗಿ ಬರುತ್ತಿದ್ದರು. ಅವರ ಹತ್ತಿರ ರುಜುವಾತಿರಲಿಲ್ಲ. ಹಟ ಮಾತ್ರ ಇತ್ತು.

ಇನ್ನು ತೆಕ್ಲಾ. ಇದೇ ಊರಿನ ಹುಡುಗಿ. ಮೊದಲ ಬೇಸಿಗೆ ತಳ್ಳುಗಾಡಿ ತಳ್ಳಲು ಬಂದವಳು ಮೇಷ್ಟ್ರ ಹಿಂದೆ ಬಿದ್ದು ಓದಿ, ಈಗ ಅವರ ಬಲಗೈ. ಮುಂದಿನ ವರ್ಷದಿಂದ ಅಗೆತವೆಲ್ಲ ಅವಳದೇ ಎಂದು ಊರಿಗೆಲ್ಲ ಗೊತ್ತಿತ್ತು. ಮೇಷ್ಟ್ರಿಗೆ ಮಕ್ಕಳಿರಲಿಲ್ಲ. ಇವಳನ್ನು ಅವರು ಮಗಳೇ ಎಂದು ಕರೆದವರಲ್ಲ, ಆದರೆ ಮಣ್ಣು ಕೆರೆಯುವ ತಮ್ಮ ಕರಣೆಯನ್ನು ಬೇರೆ ಯಾರ ಕೈಗೂ ಕೊಟ್ಟವರಲ್ಲ.

ಅಗೆಯುವವರ ನಡುವೆ ಒಂದು ಕೀಟಲೆಯಿತ್ತು. ಅದಕ್ಕೆ ಅವರು ಬಿತ್ತುವುದು ಎನ್ನುತ್ತಿದ್ದರು. ಒಬ್ಬರು ಅಗೆಯುವ ಗುಂಡಿಯಲ್ಲಿ ಇನ್ನೊಬ್ಬರು ಗುಟ್ಟಾಗಿ ಬಾಟಲಿಯ ಮುಚ್ಚಳವನ್ನೋ ಪ್ಲಾಸ್ಟಿಕ್ ಹಲ್ಲಿಯನ್ನೋ ಹೂತಿಡುವುದು. ಸಿಕ್ಕವರು ಹೌಹಾರಬೇಕು, ಮಿಕ್ಕವರು ಹೊಟ್ಟೆ ಹಿಡಿದು ನಗಬೇಕು. ಕಟ್ಟಳೆ ಒಂದೇ. ಬಿತ್ತಿದವರು ಮಧ್ಯಾಹ್ನದ ಬುತ್ತಿ ಬಿಚ್ಚುವ ಮೊದಲು ಒಪ್ಪಿಕೊಳ್ಳಬೇಕು. ಯಾಕೆಂದರೆ ಒಮ್ಮೆ ಅಗೆದ ಮಣ್ಣನ್ನು ಮತ್ತೆ ಅಗೆಯಲಾಗುವುದಿಲ್ಲ, ಸುಳ್ಳು ಸಾಮಾನು ನಿಜದ ಜೊತೆ ಸೇರಿಬಿಟ್ಟರೆ ಹೊಲದ ಕತೆಯೆಲ್ಲ ಸುಳ್ಳಾಗುತ್ತದೆ. ಕೀಟಲೆಯನ್ನೂ ಕಟ್ಟಳೆಯನ್ನೂ ಹಾಕಿಕೊಟ್ಟವರು ಮೇಷ್ಟ್ರೇ. ತೆಕ್ಲಾ ಬಂದ ಮೊದಲ ವರ್ಷ ಅವಳ ಗುಂಡಿಯಲ್ಲಿ ಗೊಂಬೆಯ ಕೈಯೊಂದನ್ನು ಬಿತ್ತಿದ್ದರು. ಅವಳು "ಅಯ್ಯೋ, ಮಗೂ!" ಎಂದು ಕಿರುಚಿ ತಳ್ಳುಗಾಡಿಯ ಮೇಲೆ ಬಿದ್ದದ್ದನ್ನು ಇಂದಿಗೂ ಜನ ಆಡಿಕೊಳ್ಳುತ್ತಾರೆ.

ಆ ಸೇಡು ತೀರಿಸಿಕೊಳ್ಳಲು ಇದೇ ಕೊನೆಯ ಬೇಸಿಗೆ. ಆದರೆ ಪ್ಲಾಸ್ಟಿಕ್ಕಿಗೆ ಬೀಳುವ ಆಸಾಮಿಯಲ್ಲ ಅವರು. ತೆಕ್ಲಾಳ ಅಜ್ಜಿ ಅರ್ಕಾಂಜೆಲಾ ಸೂಜಿ ದಾರ ಹಾಕಿಡುವ ಬಿಸ್ಕತ್ತಿನ ಡಬ್ಬದಲ್ಲಿ, ಕೆಂಪು ದಾರ ಸುತ್ತಿದ ಒಂದು ಹಳೆಯ ಕಂಚಿನ ನಾಣ್ಯವಿತ್ತು. ಚಿಕ್ಕಂದಿನಿಂದ ನೋಡಿದ್ದಳು, ಎಲ್ಲಿಯದೆಂದು ಕೇಳಿರಲಿಲ್ಲ. ಓದಿದ ಮೇಲೆ ಅದು ಕಾನ್‌ಸ್ಟಾಂಟೈನ್ ದೊರೆಯ ಕಾಲದ್ದೆಂದು, ಎಂದರೆ ಮನೆ ಖಾಲಿಯಾಯಿತೆಂದು ವಿದ್ವಾಂಸರು ಹೇಳುವ ಕಾಲಕ್ಕಿಂತ ಇನ್ನೂರು ವರ್ಷ ಈಚಿನದೆಂದು ಗುರುತು ಹಿಡಿದಿದ್ದಳು. ಇಂಥದ್ದನ್ನು ಮನೆಯಲ್ಲಿಟ್ಟುಕೊಳ್ಳುವುದು ತಪ್ಪು, ತಂದು ಒಪ್ಪಿಸಿ ಎಂದು ಊರವರಿಗೆಲ್ಲ ಬುದ್ಧಿ ಹೇಳುವವಳು ಅವಳೇ, ತನ್ನ ಅಜ್ಜಿಯ ಡಬ್ಬ ಮಾತ್ರ ಅವಳ ಕಣ್ಣಿಗೆ ಬೀಳುತ್ತಿರಲಿಲ್ಲ. ಮೇಷ್ಟ್ರನ್ನು ಸತಾಯಿಸಲು ಇದಕ್ಕಿಂತ ಒಳ್ಳೆಯದು ಸಿಕ್ಕೀತೇ? ದಾರ ಬಿಚ್ಚಿದಳು, ಕೆಸರಿನಲ್ಲಿ ಉಜ್ಜಿದಳು. ಸಂಜೆ ಎಲ್ಲರೂ ಹತಾರ ತೊಳೆಯುತ್ತಿದ್ದಾಗ ಹೊಸ್ತಿಲ ಕಲ್ಲಿನ ಮೂಲೆಯಡಿ ಮಣ್ಣು ಸಡಿಲಿಸಿ ತೂರಿಸಿ, ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದಳು. "ಹೊಸ್ತಿಲ ಕೆಳಗಿಂದು ನಾಳೆ ನೀವೇ ಬಿಡಿಸಿ ಮೇಷ್ಟ್ರೇ, ನಿಮ್ಮ ಕೊನೇ ವಾರ ಅಲ್ವಾ?" ಎಂದಳು. ಮೇಷ್ಟ್ರು ಖುಷಿಯಾಗಿ ಒಪ್ಪಿದರು.

ಮರುದಿನ ಬೆಳಿಗ್ಗೆ ಪುರಸಭೆಯ ಅಧ್ಯಕ್ಷೆಯೂ ಊರಿನ ನಾಲ್ಕಾರು ಜನರೂ ಹೊಲ ನೋಡಲು ಬಂದಿದ್ದರು. ತೆಕ್ಲಾಗೆ ಅದು ಇನ್ನೂ ಚೆನ್ನಾಯಿತು ಅನ್ನಿಸಿತು, ನಗಲು ಹೆಚ್ಚು ಜನ. ಮೇಷ್ಟ್ರು ಮೊಣಕಾಲೂರಿ ಹೊಸ್ತಿಲ ಮೂಲೆಯನ್ನು ಕೆರೆಯುತ್ತಿದ್ದರು. ಪಕ್ಕದಲ್ಲಿ ಬುಟ್ಟಿ ಹಿಡಿದಿದ್ದವನು ಕಾನಿಯೊ. ಬೇಸಿಗೆಯಲ್ಲಿ ಇಲ್ಲಿ ಮಣ್ಣು ಹೊರುವುದು, ಉಳಿದ ಕಾಲ ಟ್ರ್ಯಾಕ್ಟರ್ ಓಡಿಸುವುದು ಅವನ ಕೆಲಸ.

"ಮೇಷ್ಟ್ರೇ, ಇಲ್ಲಿ ಮಣ್ಣು ಒಂಚೂರು ಸಡಿಲ ಇದ್ದಂಗಿದೆ" ಎಂದ ಕಾನಿಯೊ.

"ಸಡಿಲವಾ? ಅಗೆತದ ಈ ಚೌಕ ಬಿಡಿಸಿದ್ದು ತೆಕ್ಲಾ ಕಣೋ. ಅವಳ ಕೈ ನಂಗೊತ್ತು. ನೀನು ಬುಟ್ಟಿ ಹಿಡಿ."

ಹಿಂದೆ ನಿಂತಿದ್ದ ತೆಕ್ಲಾ ನಗು ತಡೆಯಲು ತುಟಿ ಕಚ್ಚಿಕೊಂಡಳು. ಕರಣೆಯ ತುದಿಗೆ ಹಸಿರು ಬಿಲ್ಲೆ ತಾಗಿತು. ಮೇಷ್ಟ್ರು ಅದನ್ನು ಎತ್ತಿ, ಹೆಬ್ಬೆರಳಿಗೆ ಉಗುಳು ಹಚ್ಚಿ ಒರೆಸಿದರು, ಬಿಸಿಲಿಗೆ ಹಿಡಿದರು. ಅವಳು ಕಾದಿದ್ದ ಹಾಗೆ ಕೂಗಲಿಲ್ಲ, ಕುಣಿಯಲಿಲ್ಲ. ಮಣ್ಣಿನ ಮೇಲೆ ಧೊಪ್ಪೆಂದು ಕೂತರು. ಹುಲ್ಲಿನ ಟೋಪಿ ಬಿದ್ದುಹೋಯಿತು. ಬಾಯಿ ಅದುರಿತು, ಆಮೇಲೆ ಭುಜ. ಎಪ್ಪತ್ತರ ಗಂಡಸು ಎಲ್ಲರೆದುರು ಬಿಕ್ಕಿ ಬಿಕ್ಕಿ ಅತ್ತರು.

"ಹೋಗಿರ್ಲಿಲ್ಲ... ನೋಡಿ, ಅವರು ಬಿಟ್ಟು ಹೋಗಿರ್ಲಿಲ್ಲ" ಎಂದರು.

ತೆಕ್ಲಾ ಒಂದು ಹೆಜ್ಜೆ ಮುಂದಿಟ್ಟು ಅಲ್ಲೇ ನಿಂತಳು. ಈಗ ಹೇಳಿದರೆ ಎಲ್ಲರ ಮುಂದೆ ಅವರ ಮುಖಕ್ಕೆ ಹೊಡೆದಂತೆ. ಜನ ಹೋಗಲಿ, ಆಮೇಲೆ ಒಬ್ಬರೇ ಇರುವಾಗ ಹೇಳೋಣ. ಹಾಗೆಂದುಕೊಂಡಳು ಮಹಾತಾಯಿ! ಬಾಯಿಗೇನು ಬೀಗ ಹಾಕಿತ್ತೇ? ಆ ಹೊತ್ತಿಗೆ ಒಂದು ಮಾತು ಅಂದಿದ್ದರೆ ಮೇಷ್ಟ್ರು ಕಣ್ಣೊರೆಸಿಕೊಂಡು ಬೈದು, ಒಂದು ವಾರ ಮುನಿಸಿಕೊಂಡು ಆಮೇಲೆ ನಗುತ್ತಿದ್ದರು. ಜನ ಹೋಗಲೇ ಇಲ್ಲ. ಅಧ್ಯಕ್ಷೆ ಮೇಷ್ಟ್ರನ್ನು ತಬ್ಬಿಕೊಂಡು, ಭಾನುವಾರ ಇಗರ್ಜಿಯ ಪೂಜೆ ಮುಗಿದ ಮೇಲೆ ಪುರಸಭೆಯ ಸಭಾಂಗಣದಲ್ಲಿ ಊರಿಗೆಲ್ಲ ನಾಣ್ಯ ತೋರಿಸಬೇಕು ಎಂದಳು. ಯಾರೋ ಓಡಿಹೋಗಿ ವೈನ್ ತಂದರು. ಬುತ್ತಿ ಬಿಚ್ಚಿದರು, ಚೀಸು ಕತ್ತರಿಸಿ ಹಂಚಿದರು. ತೆಕ್ಲಾ ತನ್ನ ಪಾಲನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದಳು.

"ಯಾಕೆ ಹರಳೆಣ್ಣೆ ಕುಡಿದೋಳ ಥರ ಮುಖ ಮಾಡ್ಕೊಂಡಿದೀಯ?" ಎಂದ ಕಾನಿಯೊ. "ಮೇಷ್ಟ್ರಿಗೆ ಸಿಕ್ತು, ನಂಗೆ ಸಿಗ್ಲಿಲ್ಲ ಅಂತ ಹೊಟ್ಟೆಕಿಚ್ಚಾ?"

"ಬಿಸಿಲು ಕಣೋ."

"ಬಿಸಿಲು ನಿನ್ನೆನೂ ಇತ್ತಲ್ಲ."

ಅವಳು ಎದ್ದು ಜರಡಿಯ ಕಡೆಗೆ ಹೋದಳು. ಯಾರೂ ಕರೆಯದಿದ್ದರೂ ಸಂಜೆಯವರೆಗೆ ಮಣ್ಣು ಜಾಲಿಸಿದಳು.

ಶನಿವಾರ ಮಧ್ಯಾಹ್ನ ಗಟ್ಟಿ ಮನಸ್ಸು ಮಾಡಿ ಮೇಷ್ಟ್ರ ಬಾಡಿಗೆ ಮನೆಗೆ ಹೋದಳು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದಳು: ಮೇಷ್ಟ್ರೇ, ನಾನು ತಮಾಷೆಗೆ ಮಾಡಿದ್ದು, ನೀವು ಅಳ್ತೀರ ಅಂತ ಗೊತ್ತಿರ್ಲಿಲ್ಲ. ಬಾಗಿಲು ತೆರೆದೇ ಇತ್ತು. ಒಳಗೆ ಕಡಲೆಕಾಳು ಬೇಯುತ್ತಿತ್ತು. ಮೇಷ್ಟ್ರು ಒಂದು ಕೈಯಲ್ಲಿ ಬಾಣಲೆಗೆ ಒಣಗಿದ ಕೆಂಪು ಮೆಣಸಿನಕಾಯಿ ಹಾಕುತ್ತ, ಇನ್ನೊಂದು ಕೈಯಲ್ಲಿ ನಾಳೆಯ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದರು. ಎರಡೂ ಸುಡುವ ಹಂತದಲ್ಲಿದ್ದವು. ತೆಕ್ಲಾ ಇಸ್ತ್ರಿಪೆಟ್ಟಿಗೆ ಕಸಿದುಕೊಂಡಳು.

"ಬಂದ್ಯಾ? ಕೂತ್ಕೋ. ಇದನ್ನ ನೋಡು ಮೊದ್ಲು" ಎಂದು ಮೇಷ್ಟ್ರು ಭೂತಗನ್ನಡಿಯ ಕೆಳಗೆ ನಾಣ್ಯ ಇಟ್ಟರು. "ಅಂಚಿನಲ್ಲಿ ಒಂದು ಕಚ್ಚು ಇದೆ, ಕಾಣ್ತಾ? ಸಾಚಾನೋ ಖೋಟಾನೋ ಅಂತ ಯಾರೋ ಕೆರೆದು ನೋಡಿದಾರೆ. ಆ ಮನೆ ಯಜಮಾನ್ತಿನೇ ಇರಬೇಕು. ಬಡವರು ಕಣೇ, ಕೈಗೆ ಬಂದದ್ದನ್ನ ಅಷ್ಟು ಬೇಗ ನಂಬಲ್ಲ. ನಿನ್ನೆಯಿಂದ ಅವಳ ಮುಖ ಹೇಗಿತ್ತೋ ಅಂತ ಯೋಚಿಸ್ತಾನೇ ಇದೀನಿ."

"ಮೇಷ್ಟ್ರೇ, ಒಂದು ಮಾತು ಹೇಳ್ಬೇಕಿತ್ತು."

"ನಂಗೊತ್ತು, ಏನು ಹೇಳ್ತೀಯ ಅಂತ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಇದಕ್ಕೇ. ತೆಕ್ಲಾಳ ಕೈ ಅಂಗಿಯ ಮೇಲೆ ನಿಂತುಬಿಟ್ಟಿತು, ಬಟ್ಟೆ ಕಮರಿದ ವಾಸನೆ ಬಂದ ಮೇಲೆಯೇ ಇಸ್ತ್ರಿಪೆಟ್ಟಿಗೆ ಎತ್ತಿದ್ದು.

"ಇದು ನನ್ನೊಬ್ಬನದಲ್ಲ, ನಿನ್ನ ಹೆಸರೂ ಹೇಳ್ಬೇಕು ಅಂತ ತಾನೆ?" ಎಂದು ಮೇಷ್ಟ್ರು ನಕ್ಕರು. "ಮರೀತೀನಾ? ಆ ಚೌಕ ನೀನು ಅಷ್ಟು ಶುದ್ಧವಾಗಿ ಬಿಡಿಸಿಡದೆ ಹೋಗಿದ್ರೆ ಈ ನಾಣ್ಯಕ್ಕೆ ಕಿಲುಬು ಕಾಸಿನ ಬೆಲೆ ಇರ್ತಿರ್ಲಿಲ್ಲ. ಬೆಳಿಗ್ಗೆನೇ ವಿಭಾಗಕ್ಕೆ ಫೋನ್ ಮಾಡಿದೆ. ಮುಂದಿನ ವರ್ಷದಿಂದ ಅವಳಿಗೇ ಕೊಡಿ, ನನ್ನ ಕೈಗಿಂತ ಅವಳ ಕೈ ಮೇಲೆ ನಂಗೆ ನಂಬಿಕೆ ಅಂತ ಹೇಳಿದೀನಿ."

ಹುರಿದ ಮೆಣಸಿನಕಾಯಿಯನ್ನು ತಟ್ಟೆಗೆ ಹಾಕಿ ಮುಂದಿಟ್ಟರು. ಅವಳು ತಿಂದಳು. ಗರಿಗರಿ ಸದ್ದು ತಲೆಯೊಳಗೆಲ್ಲ ಕೇಳುತ್ತಿತ್ತು. ತನ್ನ ಮೇಲೆ ತನಗೆ ಹೇಸಿಗೆಯಾಯಿತು. ಹೇಳು, ಈಗಲಾದರೂ ಹೇಳು ಎಂದು ಒಳಗೊಂದು ದನಿ ತಿವಿಯುತ್ತಲೇ ಇತ್ತು. ಮೇಷ್ಟ್ರು ಕಡಲೆಕಾಳಿನ ಪಾತ್ರೆಗೆ ಉಪ್ಪು ಹಾಕಿ, ಹಾಕಿದ್ದು ಮರೆತು ಮತ್ತೊಮ್ಮೆ ಹಾಕಿ, ಹಾಡು ಗುನುಗಿದರು. ಅವರು ಹಾಡಿದ್ದನ್ನು ಅವಳು ಯಾವತ್ತೂ ಕೇಳಿರಲಿಲ್ಲ. ಅಂಗಿಯನ್ನು ಮಡಿಸಿ, ಸುಟ್ಟ ಕಲೆ ಕಾಣದಂತೆ ಒಳಮಗ್ಗುಲಿಗೆ ತಿರುಗಿಸಿಟ್ಟು, ಏನೂ ಹೇಳದೆ ಎದ್ದು ಬಂದಳು.

ಮನೆಯಲ್ಲಿ ಅಜ್ಜಿ ಕರಿಯ ಲಂಗ ಕೊಡವಿ ಕುರ್ಚಿಯ ಮೇಲೆ ಹರಡುತ್ತಿದ್ದಳು.

"ಎಲ್ಲಿಗಜ್ಜಿ?"

"ನಾಳೆ ನಿಮ್ಮ ನಾಣ್ಯ ನೋಡೋಕೆ."

"ಅಲ್ಲೇನಿದೆ ನೋಡೋಕೆ? ಉಗುರಿನಷ್ಟಿದೆ. ಜನ ಬೇರೆ. ನಿಂಗೆ ಸೆಕೆ ಆಗುತ್ತೆ."

"ಪೂಜೆಗೆ ಹೋದಾಗ ಆಗದ ಸೆಕೆ ಪಕ್ಕದ ಸಭಾಂಗಣದಲ್ಲಿ ಆಗುತ್ತಾ? ಆ ಹೊಲದಲ್ಲಿ ಗೋಧಿ ಕೊಯ್ದು ಬೆನ್ನು ಮುರ್ಕೊಂಡೋಳು ನಾನು. ಊರೆಲ್ಲ ನೋಡಿದ್ಮೇಲೆ ನಾನು ನೋಡ್ಲಾ?"

ಅಜ್ಜಿಯ ಹಟದ ಮುಂದೆ ಕತ್ತೆಯೂ ಸೋತೀತು. ತೆಕ್ಲಾ ಬಿಸ್ಕತ್ತಿನ ಡಬ್ಬದ ಕಡೆ ಒಮ್ಮೆ ನೋಡಿದಳು. ಕೆಂಪು ದಾರ ಇನ್ನೂ ಅದರಲ್ಲೇ ಇತ್ತು. ಡಬ್ಬವನ್ನು ಬೀರುವಿನ ಮೇಲಕ್ಕೆ ತಳ್ಳಿದಳು. ಅಜ್ಜಿಯ ಕಣ್ಣು ಮಂಜು, ಗುರುತು ಹತ್ತಲಾರದು ಎಂದು ಸಮಾಧಾನ ಹೇಳಿಕೊಂಡಳು. ಅಜ್ಜಿಯ ಕಣ್ಣು ಮಂಜಾಗಿರಲಿ ಎಂದು ಹಾರೈಸುವ ಹಂತಕ್ಕೆ ಬಂದಿದ್ದಳು!

ಭಾನುವಾರ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಇಗರ್ಜಿಯಿಂದ ಸೀದಾ ಬಂದ ಹೆಂಗಸರು ಬೀಸಣಿಗೆ ಬೀಸುತ್ತಿದ್ದರು. ಮೇಜಿನ ಮೇಲೆ ನೀಲಿ ಬಟ್ಟೆ, ಅದರ ಮೇಲೆ ಗಾಜಿನ ಪೆಟ್ಟಿಗೆ, ಒಳಗೆ ನಾಣ್ಯ. ಮೇಷ್ಟ್ರು ಬಿಳಿ ಅಂಗಿ ತೊಟ್ಟು ಮಾತಾಡಿದರು. ಪಾಠದ ಮಾತಲ್ಲ, ಮನೆಮಾತು. ಸಾಹುಕಾರರು ಸುತ್ತ ಮುತ್ತಿದರೂ ಬಿಡದೆ ಕಚ್ಚಿ ಹಿಡಿದು ಬದುಕಿದ ಒಂದು ಮನೆಯವರ ಬಗ್ಗೆ, ಗುಡಾಣದ ಒಡಕಿಗೆ ಸೀಸ ಹಾಕಿ ಬೆಸೆದವರ ಬಗ್ಗೆ, ಹೊಸ್ತಿಲ ಕೆಳಗೆ ನಾಣ್ಯ ಜಾರಿ ಬಿದ್ದಾಗ ಮನೆಯೆಲ್ಲ ಹುಡುಕಿರಬಹುದಾದ ಹೆಂಗಸಿನ ಬಗ್ಗೆ. ಗೇಲಿ ಮಾಡುತ್ತಿದ್ದ ಕಾಫಿ ಅಂಗಡಿಯ ಗಂಡಸರೂ ಟೋಪಿ ತೆಗೆದು ಕೂತಿದ್ದರು. ಕೊನೆಗೆ, "ಈ ಚೌಕ ಬಿಡಿಸಿದ್ದು ನಿಮ್ಮೂರಿನ ಮಗಳು ತೆಕ್ಲಾ" ಎಂದರು. ಜನ ಚಪ್ಪಾಳೆ ತಟ್ಟಿದರು. ಒಂದೊಂದು ತಟ್ಟೂ ಅವಳ ಕೆನ್ನೆಗೆ ಬಿದ್ದ ಹಾಗಾಯಿತು.

ಆಮೇಲೆ ಸಾಲು ಹಿಡಿದು ಒಬ್ಬೊಬ್ಬರೇ ನಾಣ್ಯ ನೋಡಿದರು. ಅಜ್ಜಿ ಅರ್ಕಾಂಜೆಲಾಳ ಸರದಿ ಬಂತು. ಕನ್ನಡಕ ಒರೆಸಿ, ಮೂಗು ಗಾಜಿಗೆ ತಾಗುವಂತೆ ಬಗ್ಗಿದಳು. ಬಗ್ಗಿದವಳು ಏಳಲೇ ಇಲ್ಲ.

"ಅಯ್ಯ, ಇದು ನಮ್ದಲ್ವೇನೇ!" ಎಂದಳು.

ಸಭೆಯೆಲ್ಲ ಘೊಳ್ಳೆಂದಿತು. "ಅಜ್ಜೀ, ಹೋದ ವರ್ಷ ಪಾದ್ರಿಗಳ ಕೊಡೆನೂ ನಿಮ್ದೇ ಅಂತ ತಗೊಂಡು ಹೋಗಿದ್ರಿ!" ಎಂದು ಕೂಗಿದ ಕಾನಿಯೊ.

"ಸುಮ್ನಿರೋ ನೀನು, ಟ್ರ್ಯಾಕ್ಟರ್! ಈ ಅಂಚಿನ ಕಚ್ಚು ನಮ್ಮತ್ತೆ ಅರದಲ್ಲಿ ಉಜ್ಜಿದ್ದು, ದಾರ ಜಾರಬಾರ್ದು ಅಂತ. ದೃಷ್ಟಿ ಆಗದಿರ್ಲಿ ಅಂತ ಇದೇ ತೆಕ್ಲಾ ತೊಟ್ಟಿಲಿಗೆ ನನ್ನ ಕೈಯಾರೆ ಕಟ್ಟಿದ್ದೆ. ನಂಗೆ ಗೊತ್ತಾಗಲ್ವಾ?"

ಅಧ್ಯಕ್ಷೆ ಮೆಲ್ಲಗೆ ಅವಳ ತೋಳು ಹಿಡಿದಳು. "ಅಂಥವು ಎಷ್ಟೋ ಇರ್ತವೆ ಅಜ್ಜಿ. ಇದು ಮೊನ್ನೆ ಮಣ್ಣಿಂದ ಬಂದಿದ್ದು. ನಾನೇ ಕಣ್ಣಾರೆ ನೋಡಿದೀನಿ." ಹಿಂದಿನ ಸಾಲಿನಲ್ಲಿ ಒಬ್ಬಳು ಪಕ್ಕದವಳಿಗೆ ತಲೆಯ ಬಳಿ ಬೆರಳು ತಿರುಗಿಸಿ ತೋರಿಸಿದಳು. ಮೇಷ್ಟ್ರೂ ನಗುತ್ತಲೇ ಬಂದು ಅಜ್ಜಿಗೆ ಕುರ್ಚಿ ಎಳೆದು ಹಾಕಿದರು.

"ಅಲ್ವೇನೇ ತೆಕ್ಲಾ?" ಅಜ್ಜಿ ತಿರುಗಿದಳು. "ನೀನಾದ್ರೂ ಹೇಳು. ನಮ್ಮ ಡಬ್ಬದಲ್ಲಿತ್ತಲ್ವಾ?"

ನೋಡಿ, ದಾರಿ ತಾನಾಗಿಯೇ ತೆರೆದಿತ್ತು. ಊರು ಆಗಲೇ ತೀರ್ಪು ಕೊಟ್ಟುಬಿಟ್ಟಿತ್ತು. ಒಂದು ನಗು ನಕ್ಕು ಅಜ್ಜಿಯನ್ನು ಕರೆದುಕೊಂಡು ಹೋದರೆ ಮುಗಿಯಿತು. ಮೇಷ್ಟ್ರ ಮಾನ ಉಳಿಯುತ್ತದೆ, ಅವಳ ಹೊಲ ಉಳಿಯುತ್ತದೆ. ತೆಕ್ಲಾ ಅದನ್ನೇ ಮಾಡಿದಳು. ಹೌದು, ಮುಚ್ಚಿಡುವುದೇಕೆ? ಅವಳ ಬಾಯಿಂದ ಮೊದಲು ಬಂದದ್ದು, "ಬಾ ಅಜ್ಜಿ, ಮನೆಗೆ ಹೋಗಿ ಡಬ್ಬ ನೋಡೋಣ" ಎಂಬ ಮಾತೇ.

ಅಜ್ಜಿ ಅವಳ ಮುಖವನ್ನು ದಿಟ್ಟಿಸಿದಳು. ಜಗಳಕ್ಕೆ ನಿಂತಿದ್ದ ಮುದುಕಿಯ ಭುಜ ಇಳಿದುಹೋಯಿತು. "ಹೂಂ" ಎಂದಳು. "ಇರಬೇಕು. ನಂಗೇ ಮರೆವು ಬಂದಿರ್ಬೇಕು." ಕೋಲಿಗಾಗಿ ಕೈ ತಡಕಾಡಿತು.

ಊರಿನ ಯಾರ ಮಾತಿಗೂ ಎಂದೂ ಸೋಲದ ಅಜ್ಜಿ ತನ್ನ ಮಾತಿಗೆ ಹೀಗೆ ಸೋತದ್ದನ್ನು ತೆಕ್ಲಾ ತಡೆಯಲಾರದೆ ಹೋದಳು.

"ಇಲ್ಲ" ಎಂದಳು. ದನಿ ಕೀರಲಾಗಿತ್ತು. "ಅಜ್ಜಿ ಹೇಳಿದ್ದೇ ನಿಜ. ಅದು ಅಜ್ಜಿದೇ. ನಾನು ಬಿತ್ತಿದ್ದು."

ಬಿತ್ತಿದ್ದು ಎಂದರೆ ಏನೆಂದು ಊರವರಿಗೆ ತಿಳಿಯಲಿಲ್ಲ. ಮುಖ ಮುಖ ನೋಡಿಕೊಂಡರು. ಕಾನಿಯೊಗೆ ತಿಳಿಯಿತು, ನಗುತ್ತಿದ್ದವನು ತಲೆ ಕೆಳಗೆ ಹಾಕಿದ. ಮೇಷ್ಟ್ರ ಮುಖದ ಮೇಲಿನ ನಗು ಮಾತ್ರ ಸ್ವಲ್ಪ ಹೊತ್ತು ಹಾಗೆಯೇ ಇತ್ತು, ಅದನ್ನು ತೆಗೆಯುವುದು ಅವರಿಗೆ ಮರೆತಿತ್ತು.

"ತಮಾಷೆಗೆ ಮಾಡಿದೆ ಮೇಷ್ಟ್ರೇ. ನೀವು ಅತ್ರಿ... ನಂಗೆ ಬಾಯಿ ಬರ್ಲಿಲ್ಲ. ಬುತ್ತಿ ಬಿಚ್ಚೋಕೆ ಮುಂಚೆ ಹೇಳ್ಬೇಕಿತ್ತು."

"ಹೇಳ್ಬೇಕಿತ್ತು" ಎಂದರು ಮೇಷ್ಟ್ರು.

ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಉಸಿರು ಬರುತ್ತಿತ್ತೇನೋ. ಅವರು ಅಜ್ಜಿಯ ಕುರ್ಚಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತರು.

"ಅಮ್ಮಾ, ನಿಮ್ಮತ್ತೆಗೆ ಇದು ಎಲ್ಲಿ ಸಿಕ್ಕಿತ್ತು?"

"ಎಲ್ಲಿ ಸಿಗುತ್ತಪ್ಪ? ನೀನು ಅಗೀತಿದೀಯಲ್ಲ, ಅದೇ ಹೊಲದಲ್ಲಿ. ಉಳ್ತಾ ಇದ್ದಾಗ ನೇಗಿಲು ಒಂದು ಉದ್ದ ಕಲ್ಲಿಗೆ ತಾಗಿ ನಿಂತುಬಿಡ್ತಂತೆ. ಕಲ್ಲಿನ ಹತ್ರ ಕೈಯಲ್ಲಿ ಕೆದಕಿದ್ರೆ ಇದು ಸಿಕ್ತು ಅಂತಿದ್ರು. ಕಲ್ಲು ಏಳ್ಲಿಲ್ಲ ಅಂತ ಅಲ್ಲೇ ಬಿಟ್ರು."

ಆ ಹೊಲದಲ್ಲಿ ಉದ್ದ ಕಲ್ಲು ಇದ್ದದ್ದು ಒಂದೇ. ಅದು ಹೊಸ್ತಿಲು.

ಮೇಷ್ಟ್ರು ಕುರ್ಚಿಗೆ ಇನ್ನಷ್ಟು ಹತ್ತಿರ ಸರಿದರು. "ಕಲ್ಲಿನ ಮೇಲಾ ಅಮ್ಮ, ಕೆಳಗಾ?"

"ಏನು?"

"ಕಲ್ಲಿನ ಮೇಲಿನ ಮಣ್ಣಲ್ಲಿ ಸಿಕ್ತಾ, ಅಡೀಲಿ ಸಿಕ್ತಾ? ಅಡೀಲಾದ್ರೆ ಆ ಮನೆಯವರದ್ದೇ, ಮೇಲಾದ್ರೆ ಆಮೇಲೆ ಬಂದ ಕುರಿಯವರು ಬೀಳಿಸಿದ್ದೂ ಇರ್ಬಹುದು. ಸ್ವಲ್ಪ ನೆನಪು ಮಾಡ್ಕೊಳ್ಳಿ."

"ಅಯ್ಯೋ ಮಗನೇ, ಅದನ್ನ ಯಾರು ಕೇಳಿದ್ರು? ನಮ್ಮತ್ತೆ ಹೋಗಿ ಐವತ್ತು ವರ್ಷದ ಮೇಲಾಯ್ತು. ಈ ಹುಡುಗಿಯಾದ್ರೂ ಒಂದು ದಿನ ಕೇಳಿದ್ದಿದ್ರೆ ನೆನಪಿರ್ತಿತ್ತೋ ಏನೋ. ಡಬ್ಬ ತೆಗೀತಿದ್ಳು, ಮುಚ್ತಿದ್ಳು."

ಮೇಷ್ಟ್ರು ಮೊಣಕಾಲಿನ ಮೇಲೆ ಕೈಯೂರಿ ಎದ್ದರು. ಗಾಜಿನ ಪೆಟ್ಟಿಗೆಯನ್ನು ನೋಡುತ್ತಲೇ ಮಾತಾಡಿದರು.

"ಕೈಯಲ್ಲಿ ತಂದುಕೊಟ್ಟಿದ್ದಿದ್ರೆ ಸಾಕಿತ್ತು ತೆಕ್ಲಾ. ಅಜ್ಜಿ ಹೀಗೆ ಹೇಳ್ತಾರೆ ಅಂತ ನಾನು ನಾಲ್ಕು ಜನರ ಮುಂದೆ ಇಡ್ತಿದ್ದೆ. ಅರ್ಧ ಜನ ನಂಬ್ತಿದ್ರು. ಈಗ ಇದೇ ನಿಜ ಅಂತ ತಲೆ ಮೇಲೆ ಹೊಡೆದ ಹಾಗೆ ಹೇಳಿದ್ರೂ ಯಾರು ನಂಬ್ತಾರೆ? ಅಗೆದಲ್ಲಿ ಬಿತ್ತೋರ ಹೊಲ ಅಂತಾರೆ."

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಇಲ್ಲಿ ಹೋದದ್ದು ಒಬ್ಬರ ಮಾನವಲ್ಲ. ನೂರಾರು ವರ್ಷ ಹೊಸ್ತಿಲು ಬಿಡದೆ ಕೂತಿದ್ದವರ ಪರವಾಗಿ ಹೇಳಲು ಇದ್ದ ಒಂದೇ ಸಾಕ್ಷಿ ಅವಳ ತೊಟ್ಟಿಲಲ್ಲೇ ತೂಗಿತ್ತು. ಅದನ್ನು ಅವಳೇ ಕೊಂಡೊಯ್ದು ಸುಳ್ಳು ಮಾಡಿ ಬಂದಿದ್ದಳು. ಜನ ಒಬ್ಬೊಬ್ಬರಾಗಿ ಎದ್ದು ಹೋದರು. ಯಾರೂ ಆಡಿಕೊಳ್ಳಲಿಲ್ಲ, ಇಲಿಯ ಮಾತೆತ್ತಲಿಲ್ಲ. ತೆಕ್ಲಾ ಅಜ್ಜಿಯ ಕೈ ಹಿಡಿಯಲು ಹೋದಾಗ ಅಜ್ಜಿ ಕೋಲೂರಿಕೊಂಡು ತಾನೇ ನಡೆದಳು.

ಸೋಮವಾರ ಗುಂಡಿ ಮುಚ್ಚುವ ದಿನ. ಪ್ರತಿ ಬೇಸಿಗೆಯ ಕೊನೆಗೂ ಅಗೆದದ್ದರ ಮೇಲೆ ಬಟ್ಟೆ ಹಾಸಿ ಮಣ್ಣು ಮುಚ್ಚುತ್ತಿದ್ದರು, ಮಳೆಗೂ ಹಿಮಕ್ಕೂ ಗೋಡೆ ಹಾಳಾಗಬಾರದೆಂದು. ಮುಚ್ಚುವ ಮೊದಲು ತಳದಲ್ಲಿ ಆ ವರ್ಷದ ಒಂದು ನಾಣ್ಯ ಇಡುವುದು ಮೇಷ್ಟ್ರ ಪದ್ಧತಿ. ಮುಂದೆ ಯಾವ ಕಾಲದಲ್ಲೋ ಯಾರೋ ಮತ್ತೆ ಅಗೆದರೆ, ಇಲ್ಲಿಯವರೆಗೆ ಇಂಥ ವರ್ಷ ನಾವು ಬಂದಿದ್ದೆವು ಎಂದು ಅವರಿಗೆ ತಿಳಿಯಲಿ, ಮೋಸ ಹೋಗದಿರಲಿ ಎಂದು. ಇಷ್ಟು ವರ್ಷವೂ ಅದನ್ನು ಇಟ್ಟವಳು ತೆಕ್ಲಾ. ಮೇಷ್ಟ್ರು ಜೇಬಿನಿಂದ ತೆಗೆದು ಅವಳ ಅಂಗೈಗೆ ಹಾಕಿ, "ಇಟ್ಟುಬಿಡು" ಎಂದು ಆಚೆ ತಿರುಗಿ ಕಾನಿಯೊನ ಜೊತೆ ಹರಟೆಗೆ ನಿಲ್ಲುತ್ತಿದ್ದರು.

ಈ ಸಲ ಕರೆಯುವುದಿಲ್ಲ ಎಂದುಕೊಂಡು ಅವಳು ದೂರದಲ್ಲಿ ಬುಟ್ಟಿಗಳನ್ನು ಜೋಡಿಸುತ್ತಿದ್ದಳು. ಕರೆದರು.

"ವಿಭಾಗಕ್ಕೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದೀನಿ" ಎಂದರು. "ಮುಂದಿನ ವರ್ಷ ಯಾರು ಅನ್ನೋದು ಅವರಿಗೆ ಬಿಟ್ಟಿದ್ದು. ಈ ಮಣ್ಣು ನಿನ್ನಷ್ಟು ಗೊತ್ತಿರೋರು ಬೇರೆ ಯಾರೂ ಇಲ್ಲ ಅಂತಾನೂ ಹೇಳಿದೀನಿ. ಅದೂ ನಿಜವೇ."

"ಮೇಷ್ಟ್ರೇ..."

"ತಗೋ."

ಹೊಳೆಯುವ ಹೊಸ ನಾಣ್ಯ. ತೆಕ್ಲಾ ಗುಂಡಿಗಿಳಿದಳು. ಹೊಸ್ತಿಲ ಕಲ್ಲು ಬಿಸಿಲಿಗೆ ಕಾದಿತ್ತು. ಅದರ ಮೂಲೆಯಲ್ಲಿ, ಮೊನ್ನೆ ಅವಳ ಹೆಬ್ಬೆರಳು ಒತ್ತಿದ್ದ ಜಾಗದಲ್ಲಿ ನಾಣ್ಯವನ್ನಿಟ್ಟಳು, ಬಟ್ಟೆ ಎಳೆದು ಮುಚ್ಚಿದಳು. ಮೇಲೆ ಹತ್ತಿ ಬಂದಾಗ ಮೇಷ್ಟ್ರು ಆಚೆ ತಿರುಗಿರಲಿಲ್ಲ. ಗುಂಡಿಯ ಅಂಚಿನಲ್ಲಿ ನಿಂತು ಅವಳನ್ನೇ ನೋಡುತ್ತಿದ್ದರು.

"ಇಟ್ಟೆ ಮೇಷ್ಟ್ರೇ."

"ಕೈ ತೋರಿಸು."

ಅವಳು ಎರಡೂ ಅಂಗೈ ಬಿಚ್ಚಿ ಹಿಡಿದಳು. ಮಣ್ಣು ಬಿಟ್ಟರೆ ಏನೂ ಇರಲಿಲ್ಲ. ಮೇಷ್ಟ್ರು ನೋಡಿದರು, ತಿರುಗಿಸಿ ಹಿಂಗೈಯನ್ನೂ ನೋಡಿದರು. ಆಮೇಲೆ ಮಣ್ಣು ತಳ್ಳು ಎಂದು ಕಾನಿಯೊಗೆ ಸನ್ನೆ ಮಾಡಿದರು.